ಎರಡು ವರ್ಷ ವಿಟಮಿನ್ ಡಿ ಕೊಟ್ರೂ ಮಗಳ ಕಾಲು ನೆಟ್ಟಗಾಗಿಲ್ಲ, ಈಗ ರಿಸರ್ಚಿಗೆ ಮನಿಮಂದಿ ರಕ್ತ ಕೇಳ್ಯಾರ, ಕೊಡಬೇಕಾ?

ಮಾನ್ವಿ_ಅಪ್ಪ:

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಮಾನ್ವಿ ಹತ್ರ ಹಳ್ಳಿ. ಬರದದ್ದು ಉದ್ದ ಆಗ್ತದ, ಆದ್ರೂ ಪೂರ್ತಿ ಓದ್ರಿ, ಗೊತ್ತಿದ್ದವರು ಯಾರಾದ್ರೂ ಹೇಳ್ರಿ, ತಲಿ ಕೆಟ್ಟು ಹೋಗ್ಯಾದ.

ನನ್ನ ದೊಡ್ಡ ಮಗಳಿಗೆ ಈಗ ನಾಕು ವರ್ಷ. ಕೂಸಿದ್ದಾಗ ಕಾಲು ಛಂದ ಇದ್ವು. ನಡೀಲಿಕ್ಕೆ ಹತ್ತಿದ ಮ್ಯಾಲ ಬಾಗಿಕೋತ ಬಂದ್ವು, ಈಗ ಎರಡೂ ಹಿಮ್ಮಡ ಕೂಡಿಸಿ ನಿಂದ್ರಿಸಿದ್ರ ಮೊಣಕಾಲಿನ ನಡುವ ನನ್ನ ಮುಷ್ಟಿ ಸಲೀಸಾಗಿ ಹೋಗ್ತದ. ನಡದ್ರ ಆ ಕಡಿ ಈ ಕಡಿ ವಾಲ್ಯಾಡ್ತಾಳ, ಓಣಿ ಹುಡುಗರ ಹಿಂದ ಓಡ್ಲಿಕ್ಕೆ ಹೋಗಿ ಬೀಳ್ತಾಳ, ರಾತ್ರಿ ಕಾಲು ನೋವು ಅಂತ ಅಳ್ತಾಳ, ನಮ್ಮಾಕಿ ಎಣ್ಣಿ ಹಚ್ಚಿ ತಿಕ್ಕಿಕೋತ ಕೂಡ್ತಾಳ.

ಎರಡು ವರ್ಷದ ಹಿಂದ ತೋರಿಸಿದಾಗ ಎಕ್ಸ್‌ರೇ ತಗದು ರಿಕೆಟ್ಸ್, ಅಂದ್ರ ಎಲುಬು ಮೆತ್ತಗಾಗೋ ರೋಗ ಅಂದ್ರು. 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ, ವಾರಕ್ಕೊಂದು ಪಾಕೀಟು ಹಾಲಿನಾಗ ಹಾಕಿ ಕೊಡ್ರಿ ಅಂದ್ರು. ಕೋರ್ಸ್ ಮುಗೀತು, ಕಾಲು ಹಂಗೇ. ಬ್ಯಾರೆ ಕಡಿ ಹೋದ್ವಿ, ಅವರೂ ಅದೇ ಪುಡಿ, ಜೊತಿಗೆ ಕ್ಯಾಲ್ಸಿಯಂ ಸಿರಪ್, ಬಿಸಿಲಿಗೆ ಬಿಡ್ರಿ ಅಂದ್ರು. ಕೂಸು ಬೆಳಗಾದ್ರ ಅಂಗಳದಾಗೇ ಇರ್ತದ ರೀ, ನಮ್ಮ ಸೀಮಿ ಬಿಸಿಲು ನಿಮಗೆಲ್ಲ ಗೊತ್ತೇ ಅದ. ಮೂರನೇ ಕಡಿನೂ ಅದೇ ಪುಡಿ ಬರದು ಕೊಟ್ರು.

ಹೋದ ತಿಂಗಳು ಒಬ್ರು ಮಕ್ಕಳ ಡಾಕ್ಟ್ರ ಹತ್ರ ಹೋದ್ವಿ. ಅವರು ಮಗಳನ್ನ ನೋಡೂದಕ್ಕಿಂತ ಮೊದಲು ನನ್ನನ್ನ ನೋಡಿದ್ರು. ನಾನು ಬಾಗಿಲಿನಿಂದ ಕುರ್ಚಿ ತನಕ ನಡದು ಬಂದದ್ದಷ್ಟೇ. ಚಪ್ಪಲಿ ಬಿಡ್ರಿ, ಪ್ಯಾಂಟು ಮೊಣಕಾಲ ಮ್ಯಾಲ ಮಡಚ್ರಿ, ಆ ಗೋಡಿ ತನಕ ಹೋಗಿ ಬರ್ರಿ ಅಂದ್ರು. ನನ್ನ ಎತ್ತರ ನಾಕು ಅಡಿ ಹತ್ತು ಇಂಚು, ಕಾಲು ನನ್ನವೂ ಸೊಟ್ಟ ಅವ, ಊರಾಗ ಎಲ್ಲರೂ ಗಿಡ್ಡ ಅಂತನೇ ಕರೀತಾರ, ಅದು ಬೋರಿನ ನೀರಿಗೆ ಆದದ್ದು ಅಂತ ತಿಳ್ಕೊಂಡು ಮೂವತ್ತನಾಕು ವರ್ಷ ಕಳದೀನಿ. ಆಮ್ಯಾಲ ಹಲ್ಲಿನ ತ್ರಾಸು ಅದನ ಅಂತ ಕೇಳಿದ್ರು. ಹುಳುಕಿಲ್ಲದ ಹಲ್ಲಿನ ಬುಡಕ್ಕ ಕೀವು ತುಂಬಿ ಮೂರು ಹಲ್ಲು ಕೀಳಿಸೀನಿ ಅಂದೆ. ನಿಮ್ಮ ತಾಯಿ ಎಷ್ಟು ಎತ್ತರ ಅದಾರ ಅಂತ ಕೇಳಿದ್ರು. ನನಗಿಂತ ಗಿಡ್ಡ ಅಂದೆ.

ಹಳೆ ಫೈಲ್ ತಿರುವಿ ಹಾಕಿ ಒಂದು ಹಾಳಿ ಮ್ಯಾಲ ಬೆರಳಿಟ್ರು. ಎರಡು ವರ್ಷದ ಹಿಂದಿನ ರಕ್ತದ ರಿಪೋರ್ಟ್. ಫಾಸ್ಫರಸ್ 2.7. ಪಕ್ಕದಾಗ ನಾರ್ಮಲ್ 2.5 ರಿಂದ 4.5 ಅಂತ ಪ್ರಿಂಟ್ ಆಗಿತ್ತು, ಅದಕ್ಕ ದಪ್ಪ ಅಕ್ಷರನೂ ಇಲ್ಲ, ಸ್ಟಾರೂ ಇಲ್ಲ. ಇದು ದೊಡ್ಡವರ ಲೆಕ್ಕ, ಎರಡು ವರ್ಷದ ಕೂಸಿಗೆ ಇದು ಭಾಳ ಕಡಿಮಿ ಅಂದ್ರು. ಆ ಹಾಳಿ ನನ್ನ ಫೈಲಿನಾಗೇ ಇತ್ತು ರೀ. ಎರಡು ವರ್ಷ, ಹೋದಲ್ಲೆಲ್ಲ ನಾನೇ ಬಗಲಾಗ ಹಿಡ್ಕೊಂಡು ಹೋಗೀನಿ.

ಬೆಂಗಳೂರಿಗೆ ಬರದು ಕೊಟ್ರು. ಅಲ್ಲಿ ಎಕ್ಸ್‌ಎಲ್‌ಎಚ್ ಅನ್ನೋ ಕಾಯಿಲಿ ಇರಬೇಕು, ಮೂತ್ರದಾಗ ಫಾಸ್ಫೇಟ್ ಸೋರಿ ಹೋಗ್ಲಿಕತ್ತದ ಅಂದ್ರು, ಔಷಧ ಶುರು ಮಾಡ್ಯಾರ. ಅಲ್ಲೇ ಇನ್ನೊಂದು ಮಾತು ಕೇಳ್ಯಾರ, ನಂದು, ನಮ್ಮಾಕಿದು, ಮಕ್ಕಳದು, ನಮ್ಮವ್ವಂದು ರಕ್ತ ಕೊಟ್ರ ಜೀನ್ ಟೆಸ್ಟ್ ಮಾಡ್ತಾರಂತ, ಮಕ್ಕಳ ಎತ್ತರ, ಎಕ್ಸ್‌ರೇ ಎಲ್ಲಾ ವರ್ಷಾನುಗಟ್ಲೆ ಬರದಿಡ್ತಾರಂತ, ರಿಸರ್ಚ್ ಅಂತ. ರೊಕ್ಕ ಕೊಡೋದಿಲ್ಲ ತಗೊಳ್ಳೋದಿಲ್ಲ. ಆರು ಹಾಳಿ ಕಾಗದ ಕೊಟ್ಟು ಮನಿಯಾಗ ಓದಿ ಬರ್ರಿ ಅಂದಾರ.

ನಮ್ಮವ್ವ ಬಿಲ್ಕುಲ್ ಬ್ಯಾಡ ಅಂತಾಳ. ರಕ್ತ ತಗೊಂಡು ಮನಿತನಕ್ಕ ಹೆಸರು ಹಚ್ಚತಾರ, ನಾಳೆ ಹುಡುಗಿಗೆ ಯಾರು ಗಂಡು ಕೊಡ್ತಾರ ಅಂತಾಳ. ನಮ್ಮಾಕಿ ನನಗ ಸೋದರತ್ತಿ ಮಗಳು, ರಕ್ತ ಸಂಬಂಧದಾಗ ಮಾಡ್ಕೊಂಡದ್ದಕ್ಕೇ ಹಿಂಗ ಆತು ಅಂತ ಮಂದಿ ಅಕಿಗೇ ಅಂತಾರ, ಅಕಿ ಅದನ್ನ ನುಂಗಿಕೋತ ಬಂದಾಳ. ಏನ್ ಮಾಡ್ಲಿ ಹೇಳ್ರಿ.

ಲಿಂಗಸುಗೂರು_ಮಾಸ್ತರ:

ತಮ್ಮಾ, ನೀರು ಟೆಸ್ಟ್ ಮಾಡ್ಸಿಯೇನು? ನಾನು ಈ ಭಾಗದ ಶಾಲ್ಯಾಗ ಇಪ್ಪತ್ತೆರಡು ವರ್ಷ ಪಾಠ ಮಾಡೀನಿ. ಹಲ್ಲಿನ ಮ್ಯಾಲ ಕಂದು ಪಟ್ಟಿ ಇರೋ ಹುಡುಗರು, ಮೊಣಕಾಲು ಒಳಗ ಬಡದಾಡೋ ಹುಡುಗರು, ನಲವತ್ತಕ್ಕ ಬೆನ್ನು ಬಗ್ಗಿಸ್ಲಿಕ್ಕೆ ಬರದ ಪಾಲಕರು, ಎಲ್ಲಾ ನೋಡೀನಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲಾದಾಗ ಬೋರಿನ ನೀರಿಗೆ ಫ್ಲೋರೈಡ್ ಕಾಟ ಅದ. ಲೀಟರಿಗೆ 1 ಮಿಲಿಗ್ರಾಂ ಒಳಗ ಇರಬೇಕು, ಬ್ಯಾರೆ ನೀರೇ ಇಲ್ಲ ಅಂದ್ರ 1.5 ತನಕ, ಅದರ ಮ್ಯಾಲ ಹೋದ್ರ ಎಲುಬು ಹಲ್ಲು ಎರಡಕ್ಕೂ ಕೆಡುಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಿಜ್ಞಾನಿಗಳು ಆಂಧ್ರದ ಫ್ಲೋರೈಡ್ ಸೀಮಿಯೊಳಗ ಹದಿಹರೆಯದ ಹುಡುಗರ ಮೊಣಕಾಲು ಹಿಂಗ ಕೆಟ್ಟದ್ದನ್ನ 1973ರಾಗೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬರದಾರ. ಅನ್ನ ಉಣ್ಣೋರಿಗಿಂತ ಜ್ವಾಳ ಉಣ್ಣೋರಾಗ ಹೆಚ್ಚು ಕಂಡದ್ದಕ್ಕ ಊಟದ ಕಡಿನೂ ನೋಡಿದ್ರು. ನಾವೂ ಜ್ವಾಳದ ರೊಟ್ಟಿ ಮಂದಿನೇ ಅಲ್ಲೇನು? ಮೊದಲು ನೀರು ನೋಡು, ಆಮ್ಯಾಲ ಜೀನು ಗೀನು.

ಬಳ್ಳಾರಿ_ಪಿಜಿ:

ನಮಸ್ತೆ, ನಾನು ಪೀಡಿಯಾಟ್ರಿಕ್ಸ್ ಪಿಜಿ ಮಾಡ್ತಿದೀನಿ. ಮಗುನ ನೋಡದೆ ಇಂಥದ್ದೇ ಅಂತ ಹೇಳೋಕಾಗಲ್ಲ, ಆದ್ರೆ ಅಣ್ಣ ಬರೆದಿದ್ದು ಓದ್ತಾ ಓದ್ತಾ ಎದ್ದು ಕೂತೆ.

ಮಾಸ್ತರೇ, ನೀವು ಹೇಳಿದ್ದು ನಿಜ, ನೀರು ಟೆಸ್ಟ್ ಮಾಡಿಸ್ಲೇಬೇಕು. ಆದ್ರೆ ಫ್ಲೋರೈಡ್ ಅಂದ್ರೆ ಅದೇ ನೀರು ಕುಡಿಯೋ ಓಣಿ ಮಕ್ಕಳಿಗೆಲ್ಲ ಸ್ವಲ್ಪನಾದ್ರೂ ಗುರುತು ಇರುತ್ತೆ, ಹಲ್ಲಲ್ಲಿ ಮೊದಲು ಕಾಣುತ್ತೆ. ಇಲ್ಲಿ ಅಜ್ಜಿ, ಮಗ, ಮೊಮ್ಮಗಳು ಅಂತ ಒಂದೇ ಗೆರೆಯಲ್ಲಿ ಇಳಿದು ಬಂದಿದೆ. ಹುಳುಕಿಲ್ಲದ ಹಲ್ಲಿಗೆ ಕೀವು ಆಗೋದು ಈ ಕಾಯಿಲೆಯ ದೊಡ್ಡ ಗುರುತು, ನಿಮ್ಮನ್ನ ನಡೆಸಿ ನೋಡಿದ ಆ ಡಾಕ್ಟ್ರಿಗೆ ನನ್ನ ಕಡೆಯಿಂದನೂ ಒಂದು ನಮಸ್ಕಾರ ಹೇಳಿ.

ರಿಕೆಟ್ಸ್ ಅಂದ್ರೆ ಬೆಳೆಯೋ ಎಲುಬಿನ ತುದಿ ಗಟ್ಟಿಯಾಗದೆ ಮೆತ್ತಗೆ ಉಳಿಯೋದು. ಗಟ್ಟಿಯಾಗೋಕೆ ಕ್ಯಾಲ್ಸಿಯಂ ಬೇಕು, ಫಾಸ್ಫೇಟೂ ಬೇಕು. ನಮ್ಮ ಕಡೆ ಜಾಸ್ತಿ ಬರೋದು ವಿಟಮಿನ್ ಡಿ ಇಲ್ಲ ಕ್ಯಾಲ್ಸಿಯಂ ಕಮ್ಮಿಯಾಗಿ ಬರೋ ರಿಕೆಟ್ಸೇ, ಅದಕ್ಕೆ ಡಿ ಕೊಟ್ರೆ ಮೂರು ತಿಂಗಳಲ್ಲಿ ಎಕ್ಸ್‌ರೇಲಿ ಬದಲಾವಣೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಅಲ್ಲಿಗೆ ನಿಂತು ಯಾಕೆ ಅಂತ ಕೇಳ್ಬೇಕೇ ಹೊರತು ಇನ್ನೊಂದು ಪಾಕೀಟು ಬರೆಯೋದಲ್ಲ. ಸುಮ್ನೆ ಪುಡಿ ಮೇಲೆ ಪುಡಿ ಕೊಟ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದ್ರೆ ಆಗುತ್ತೆ, ಅದನ್ನ ವಾರ್ಡಲ್ಲಿ ಕಣ್ಣಾರೆ ನೋಡಿದೀನಿ.

ವಿಟಮಿನ್ ಡಿ ಗೆ ಬಗ್ಗದ ರಿಕೆಟ್ಸ್ ಇದೆ ಅಂತ ಅಮೆರಿಕದಲ್ಲಿ ಆಲ್‌ಬ್ರೈಟ್ ಅನ್ನೋ ಡಾಕ್ಟ್ರು 1937ರಲ್ಲೇ ಬರೆದ್ರು. 1958ರಲ್ಲಿ ಅಲ್ಲೇ ಒಂದು ದೊಡ್ಡ ಮನೆತನದ ಅಷ್ಟೂ ಜನರ ರಕ್ತ ನೋಡಿ ಇದು ಎಕ್ಸ್ ಕ್ರೋಮೋಸೋಮಿನ (ಜೀನ್‌ಗಳನ್ನ ಹೊತ್ತಿರೋ ಎಳೆ) ಮೇಲೆ ಕೂತು ಬರುತ್ತೆ ಅಂತ ಕಂಡುಕೊಂಡ್ರು. ಕೆಟ್ಟಿರೋ ಜೀನ್ ಫೆಕ್ಸ್ ಅಂತ ಗೊತ್ತಾಗಿದ್ದು 1995ರಲ್ಲಿ. ಎಫ್‌ಜಿಎಫ್ 23 ಅನ್ನೋ ಹಾರ್ಮೋನು ಫಾಸ್ಫೇಟ್ ಸೋರಿಸುತ್ತೆ ಅಂತ ಗೊತ್ತಾಗಿದ್ದು 2000ದಲ್ಲಿ, ಅದೂ ಇದರ ಅಣ್ಣತಮ್ಮನಂಥ ಇನ್ನೊಂದು ಕಾಯಿಲೆಯ ಕುಟುಂಬಗಳು ರಕ್ತ ಕೊಟ್ಟಿದ್ದಕ್ಕೆ. ನಾವು ಎಲುಬು ಅಂದ್ರೆ ಮನೆ ಕಂಬದ ಥರ ಸುಮ್ನೆ ನಿಂತಿರುತ್ತೆ ಅಂದ್ಕೊಂಡಿರ್ತೀವಿ, ಆದ್ರೆ ಈ ಹಾರ್ಮೋನ್ ಮಾಡೋದು ಎಲುಬೇ. ಎಲುಬು ಕಿಡ್ನಿಗೆ ಸುದ್ದಿ ಕಳಿಸುತ್ತೆ, ಫಾಸ್ಫೇಟ್ ಹೊರಗೆ ಹಾಕು ಅಂತ. ಫೆಕ್ಸ್ ಕೆಟ್ಟರೆ ಆ ಸುದ್ದಿ ನಿಲ್ಲೋದೇ ಇಲ್ಲ, ಎಷ್ಟು ಉಂಡ್ರೂ ಸೋರಿ ಹೋಗುತ್ತೆ. ಸೂರ್ಯಂದೂ ತಪ್ಪಿಲ್ಲ, ಊಟದ್ದೂ ತಪ್ಪಿಲ್ಲ.

ಇನ್ನು ಅತ್ತಿಗೆ ಬಗ್ಗೆ. ದಯವಿಟ್ಟು ಇದನ್ನ ಅವರಿಗೆ ಓದಿ ಹೇಳಿ. ಸಂಬಂಧದಲ್ಲಿ ಮದುವೆ ಆದ್ರೆ ಕೆಲವು ಕಾಯಿಲೆ ಬರೋ ಸಾಧ್ಯತೆ ಹೆಚ್ಚು, ಅದು ಸತ್ಯ, ಅವು ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಆಗೋವು. ಎಕ್ಸ್‌ಎಲ್‌ಎಚ್ ಗೆ ಒಂದು ಕೆಟ್ಟ ಜೀನ್ ಸಾಕು. ನಿಮ್ಮಿಂದ ಬಂದಿದ್ರೆ ನೀವು ಯಾವ ಊರಿನ ಯಾರನ್ನ ಮದುವೆ ಆಗಿದ್ರೂ ಬರ್ತಿತ್ತು.

ಕೊನೆಗೆ ಒಂದು ಪ್ರಶ್ನೆ, ಇದೇ ಮುಖ್ಯ: ನಿಮಗೆ ಇನ್ನೂ ಮಕ್ಕಳಿದ್ದಾರಾ?

ಮಾನ್ವಿ_ಅಪ್ಪ:

ಓದಿ ಹೇಳಿದೆ ರೀ ಡಾಕ್ಟ್ರೆ. ಇನ್ನೊಂದ್ ಸಲ ಓದು ಅಂದ್ಲು. ಅಷ್ಟೇ ಅಂದ್ಲು.

ಮಾಸ್ತರ, ನೀರು ಟೆಸ್ಟಿಗೆ ಕೊಡ್ತೀನಿ, ಆದ್ರ ನಮ್ಮ ಕಾಕಾನ ಮೊಮ್ಮಕ್ಕಳು ಅದೇ ನಳದ ನೀರು ಕುಡದು ಬೆಳದಾರ, ಅವರ ಕಾಲು ನೆಟ್ಟಗ ಅವ.

ಹೌದು ಡಾಕ್ಟ್ರೆ, ಹಿರೇ ಮಗ ಅದಾನ, ಏಳು ವರ್ಷ, ಅವನ ಕಾಲಿಗೆ ಏನೂ ಇಲ್ಲ, ಎಲ್ಲರಿಗಿಂತ ಮುಂದ ಓಡ್ತಾನ. ಸಣ್ಣ ಮಗಳು ಅದಾಳ, ಎಂಟು ತಿಂಗಳು. ಈಗ ಕೂಡ್ಲಿಕತ್ತಾಳ.

ಬಳ್ಳಾರಿ_ಪಿಜಿ:

ಅಣ್ಣ, ನಿಧಾನಕ್ಕೆ ಓದಿ. ಗಂಡಸಿನ ಹತ್ರ ಇರೋದು ಒಂದೇ ಎಕ್ಸ್. ಮಗನಿಗೆ ಅಪ್ಪನಿಂದ ಹೋಗೋದು ವೈ, ಮಗಳಿಗೆ ಹೋಗೋದು ಆ ಒಂದೇ ಎಕ್ಸ್. ಅದಕ್ಕೇ ನಿಮ್ಮ ಮಗ ಚೆನ್ನಾಗಿದ್ದಾನೆ. ನಿಮಗೆ ಎಕ್ಸ್‌ಎಲ್‌ಎಚ್ ಇರೋದು ನಿಜ ಅಂತಾದ್ರೆ ನಿಮ್ಮ ಹೆಣ್ಣುಮಕ್ಕಳಿಗೆ, ಒಬ್ಬರೂ ಬಿಡದೆ, ಬಂದಿರುತ್ತೆ.

ಸಣ್ಣ ಮಗಳ ಕಾಲು ಈಗ ನೆಟ್ಟಗಿರುತ್ತೆ, ಯಾಕಂದ್ರೆ ಇನ್ನೂ ನಿಂತಿಲ್ಲ, ಮೈಭಾರ ಕಾಲಿನ ಮೇಲೆ ಬಿದ್ದಿಲ್ಲ. ಈ ವಾರನೇ ಅವಳ ಫಾಸ್ಫರಸ್, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಮಾಡಿಸಿ, ರಕ್ತ ತೆಗೆಯೋ ಹೊತ್ತಿಗೇ ಮೂತ್ರನೂ ಕೊಡಿ. ರಿಪೋರ್ಟ್ ಬಂದಾಗ ಲ್ಯಾಬಿನವರು ಪಕ್ಕದಲ್ಲಿ ಹಾಕೋ ನಾರ್ಮಲ್ ನೋಡ್ಬೇಡಿ, ಆ ವಯಸ್ಸಿನ ಕೂಸಿಗೆ 4 ಕ್ಕಿಂತ ಮೇಲಿರ್ಬೇಕು. ಒಂದು ವರ್ಷದ ಒಳಗೆ ಔಷಧ ಶುರುವಾದ ಮಕ್ಕಳು ತಡವಾಗಿ ಶುರುವಾದವರಿಗಿಂತ ಎತ್ತರದಲ್ಲೂ ಕಾಲಿನಲ್ಲೂ ಚೆನ್ನಾಗಿರ್ತಾರೆ, ಇದು ಮಕ್ಕಳನ್ನ ವರ್ಷಗಟ್ಟಲೆ ಅಳೆದು ಬರೆದಿಟ್ಟಿದ್ದರಿಂದಲೇ ಗೊತ್ತಾಗಿರೋದು.

ಸಿಂಧನೂರು_ರೈತ:

ನಾನು ಒಂದು ಖಾರ ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ರಕ್ತ ಕೊಟ್ಟು ಬಡವರಿಗೆ ಏನ್ ಸಿಕ್ಕದ? ಸಾಗರದ ಹತ್ರ ಹಂದಿಗೋಡು ಅಂತ ಊರು. ಮಕ್ಕಳು ಬೆಳಕೋತ ಬೆಳಕೋತ ಸೊಂಟ, ಮೊಣಕಾಲು ಹಿಡದು ಗಿಡ್ಡ ಉಳಿಯೋ ರೋಗ ಅಲ್ಲಿ 1970ರ ದಶಕದಾಗ ಬೆಳಕಿಗೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲಾದಾಗ ಅದ. ಮೊದಲು ಗದ್ದಿ ಏಡಿ ತಿಂದು ಆತು, ಗದ್ದಿಗೆ ಹೊಡದ ವಿಷ ಏಡಿಯೊಳಗ ಬಂತು ಅಂದ್ರು, ಆಮ್ಯಾಲ ಅಲ್ಲ, ವಂಶದಾಗ ಬರೋದು ಅಂದ್ರು. ಎಷ್ಟು ತಂಡ ಹೋದ್ವು, ಎಷ್ಟು ರಕ್ತ ತಗೊಂಡ್ರು. ಇವತ್ತಿಗೂ ವಾಸಿ ಮಾಡೋ ಔಷಧ ಇಲ್ಲ. ಮಾನ್ವಿ ಅಣ್ಣನ ಅವ್ವ ಬ್ಯಾಡ ಅನ್ನೋದ್ರಾಗ ಅರ್ಥ ಅದ.

ಸಂಡೂರು_ಅಮ್ಮ:

ಸಿಂಧನೂರು ಅಣ್ಣ, ನಿಮ್ಮ ಸಿಟ್ಟು ನನಗೆ ಅರ್ಥ ಆಗ್ತೈತೆ, ಆದ್ರೆ ಕೊಡೋದೇ ಬ್ಯಾಡ ಅಂತ ಹೇಳಬ್ಯಾಡ್ರಿ. ನನ್ನ ಮಗಂದು ಎಲುಬು ಮುರಿಯೋ ಕಾಯಿಲೆ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಅಂತಾರೆ. ಎಲುಬಿನೊಳಗಿನ ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನ್ ಸರಿ ಇರಲ್ಲ, ಕಣ್ಣಿನ ಬಿಳಿ ಭಾಗ ನೀಲಿ ಹೊಡೀತೈತೆ. ಎರಡು ವರ್ಷದೊಳಗೆ ನಾಕು ಸಲ ಮುರಿದಿತ್ತು. ಮೂರನೇ ಸಲ ಒಬ್ಬ ಡಾಕ್ಟ್ರು ನನ್ನನ್ನ ಒಬ್ಬಳನ್ನೇ ಒಳಗೆ ಕರೆದು, ಮಗೂನ ಹೊಡೀತೀಯೇನಮ್ಮ ಅಂತ ಕೇಳಿದ್ರು. ಡೈಪರ್ ಬದಲು ಮಾಡುವಾಗ ಟಕ್ ಅಂದಿತ್ತು ಸಾರ್ ಅಂತ ಹೇಳಿದ್ರೆ ಯಾರು ನಂಬ್ತಾರೆ.

ಈಗ ಅವನಿಗೆ ಕೆಲವು ತಿಂಗಳಿಗೊಮ್ಮೆ ಎಲುಬು ಗಟ್ಟಿ ಮಾಡೋ ಡ್ರಿಪ್ ಹಾಕ್ತಾರೆ. ಅದು ಮಕ್ಕಳಿಗೆ ಕೊಡಬಹುದು ಅಂತ ದೊಡ್ಡದಾಗಿ ಗೊತ್ತಾಗಿದ್ದು 1998ರಾಗೆ, ಕೆನಡಾದಾಗೆ 30 ಮಕ್ಕಳಿಗೆ ಕೊಟ್ಟು ನೋಡಿ ಬರೆದ್ರು. ಆ ಮೂವತ್ತು ಮಕ್ಕಳ ತಾಯಂದಿರು ಬ್ಯಾಡ ಅಂದಿದ್ರೆ ನನ್ನ ಮಗ ಇವತ್ತು ಸ್ಕೂಲಿಗೆ ನಡ್ಕೊಂಡು ಹೋಗ್ತಿರಲಿಲ್ಲ. ನಾನು ಇದನ್ನ ದಿನಾ ನೆನೆಸ್ಕೋತೀನಿ.

ಮಾನ್ವಿ ಅಣ್ಣ, ಸಹಿ ಮಾಡೋ ಮುಂಚೆ ನಾನು ಕೇಳಿದ್ದು ಹೇಳ್ತೀನಿ. ಕಾಗದ ಕನ್ನಡದಾಗೇ ಬೇಕು ಅಂದೆ, ಕೊಟ್ರು, ಒಂದು ಪ್ರತಿ ಮನೆಗೂ ತಂದೆ. ಎಥಿಕ್ಸ್ ಕಮಿಟಿ, ಅಂದ್ರೆ ರಿಸರ್ಚ್‌ನಾಗೆ ಜನಕ್ಕೆ ಅನ್ಯಾಯ ಆಗದಂಗೆ ನೋಡೋ ಕಮಿಟಿ, ಒಪ್ಪಿಗೆ ಐತೇನು ಅಂದೆ, ಆ ಕಮಿಟಿಯವರ ಫೋನ್ ನಂಬರು ಕಾಗದದಾಗೇ ಇರಬೇಕು. ರಕ್ತ ಎಲ್ಲಿ ಇಡ್ತೀರಿ, ಎಷ್ಟು ವರ್ಷ, ಹೆಸರು ಹಾಕ್ತೀರೋ ನಂಬರ್ ಹಾಕ್ತೀರೋ ಅಂದೆ. ರಿಪೋರ್ಟ್ ನನಗೂ ಹೇಳ್ತೀರೋ ಇಲ್ಲೋ ಅಂದೆ. ನಡುವೆ ಬಿಟ್ರೆ ಮಗನ ಟ್ರೀಟ್‌ಮೆಂಟ್ ನಿಲ್ಲಿಸ್ತೀರಾ ಅಂದೆ, ಇಲ್ಲ ಅಂತ ಕಾಗದದಾಗೆ ಬರೆದಿದ್ದನ್ನ ಬೆರಳಿಟ್ಟು ತೋರಿಸಿದ್ರು. ಹೊಸ ಔಷಧ ಕೊಟ್ಟು ನೋಡೋದು ಬೇರೆ, ಸುಮ್ನೆ ರಕ್ತ ತಗೊಂಡು ಅಳತೆ ಬರೆಯೋದು ಬೇರೆ, ಯಾವುದು ಅಂತ ಬಿಡಿಸಿ ಕೇಳ್ರಿ. ಔಷಧದ ಟ್ರಯಲ್ ಆದ್ರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಇರಲೇಬೇಕು, ಅದರಿಂದ ಮಗುವಿಗೆ ಏನಾದ್ರೂ ಆದ್ರೆ ಚಿಕಿತ್ಸೆ, ಪರಿಹಾರ ಕೊಡ್ಬೇಕು ಅಂತ 2019ರ ರೂಲ್ಸ್ ಐತೆ.

ಇನ್ನೊಂದು, ಏಳು ವರ್ಷ ದಾಟಿದ ಮಕ್ಕಳನ್ನೂ ಕೇಳಬೇಕು. ನನ್ನ ಮಗನಿಗೆ ಆಗ ಎಂಟು. ಆ ಮೇಡಂ ಅವನ ಎದುರು ಕೆಳಗೆ ಕೂತು, ನಿನ್ನ ಒಂದು ಚಮಚ ರಕ್ತ ತಗೋತೀವಿ, ನೋವಾಗ್ತೈತೆ, ಬ್ಯಾಡ ಅಂದ್ರೆ ಬ್ಯಾಡ, ಯಾರೂ ಬೈಯಲ್ಲ ಅಂದ್ರು. ಅವನು ಬಹಳ ಹೊತ್ತು ಯೋಚನೆ ಮಾಡಿ, ಎಡಗೈ ತಗೋರಿ ಬಲಗೈ ಬರೆಯಾಕೆ ಬೇಕು ಅಂದ. ನಿಮ್ಮ ಮಗನಿಗೂ ಏಳು, ಅವನನ್ನೂ ಕೇಳಿಸ್ರಿ.

ಲಿಂಗಸುಗೂರು_ಮಾಸ್ತರ:

ಒಪ್ಪಿದೆ ಡಾಕ್ಟ್ರೆ. ಒಂದೇ ಗೆರೆಯೊಳಗ ಬಂದದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ನೀರಿನ ತಾಪತ್ರಯ ಭಾಳ ನೋಡಿ ನೋಡಿ ಎಲ್ಲಾ ಅದೇ ಕಾಣ್ತದ. ಒಂದು ಕೇಳ್ತೀನಿ, ಶಾಲ್ಯಾಗ ನಾವು ವರ್ಷಾ ಎತ್ತರ ಬರೀತೀವಿ. ಅದರಿಂದ ಏನಾದ್ರೂ ಹಿಡೀಬಹುದಾ?

ಬಳ್ಳಾರಿ_ಪಿಜಿ:

ಖಂಡಿತ ಮಾಸ್ತರೇ, ಆದ್ರೆ ಸರಿಯಾಗಿ ಅಳೆದಿದ್ರೆ. ಬೂಟು, ಸಾಕ್ಸು, ಹೆಣ್ಣುಮಕ್ಕಳ ಮೇಲ್ಜಡೆ ಬಿಚ್ಚಿಸಿ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರ ಇರಲಿ, ತಲೆ ಮೇಲೆ ಗಟ್ಟಿ ರಟ್ಟು ಅಡ್ಡ ಇಟ್ಟು ಗೆರೆ ಹಾಕಿ. ಒಂದು ಸಲದ ಎತ್ತರಕ್ಕಿಂತ ಎರಡು ಅಳತೆ ನಡುವಿನ ಅಂತರ ಹೆಚ್ಚು ಹೇಳುತ್ತೆ. ನಾಕು ವರ್ಷದಿಂದ ಹರೆಯ ಬರೋ ತನಕ ಮಕ್ಕಳು ವರ್ಷಕ್ಕೆ ಸುಮಾರು 5 ರಿಂದ 6 ಸೆಂಟಿಮೀಟರ್ ಬೆಳೀತಾರೆ, 4 ಕ್ಕಿಂತ ಕಮ್ಮಿ ಬೆಳೆದ ಮಗುನ ಡಾಕ್ಟ್ರಿಗೆ ತೋರಿಸಿ. ನಮ್ಮ ದೇಶದ ಮಕ್ಕಳದೇ ಚಾರ್ಟ್ ಇದೆ, ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ 5 ರಿಂದ 18 ವರ್ಷದವರಿಗೆ ಅಂತ ಹೊರಗೆ ತಂದಿದ್ದು, ಅದರ ಮೇಲೆ ಚುಕ್ಕಿ ಇಡ್ತಾ ಹೋಗಿ.

ಗಂಗಾವತಿ_ಅಕ್ಕ:

ಮಾಸ್ತರ್ರೀ ದಯಮಾಡಿ ಅಳೀರಿ. ನನ್ನ ಮಗನ್ನ ಹಿಡದದ್ದು ಶಾಲಿ ಟೀಚರೇ. ಎರಡನೇತ್ತೆ ಯೂನಿಫಾರ್ಮು ನಾಲ್ಕನೇತ್ತೆಗೂ ಸರಿ ಬರಾಕತ್ತಿತ್ತು, ನಾವು ಬಟ್ಟಿ ಉಳೀತು ಅಂತ ಖುಷಿ ಪಟ್ಟಿದ್ವಿ. ಎಡಗೈ ಎಕ್ಸ್‌ರೇ ತಗದ್ರ ಒಂಬತ್ತು ವರ್ಷದ ಹುಡುಗನ ಎಲುಬು ಆರು ವರ್ಷದವನ ಥರ ಐತಿ ಅಂದ್ರು. ಗ್ರೋತ್ ಹಾರ್ಮೋನ್ ಕಮ್ಮಿ ಐತಿ, ದಿನಾ ರಾತ್ರಿ ಇಂಜೆಕ್ಷನ್ ಕೊಡ್ತೀವಿ. ಫ್ರಿಜ್‌ನ್ಯಾಗ 2 ರಿಂದ 8 ಡಿಗ್ರಿ ಒಳಗ ಇಡಬೇಕು, ಬ್ಯಾಸಿಗ್ಯಾಗ ಕರೆಂಟ್ ಹೋದ್ರ ನನ್ನ ಜೀವ ಕೈಯಾಗ ಬರ್ತೈತಿ, ಐಸ್ ಡಬ್ಬಿ ತಯಾರಿಟ್ಟಿರ್ತೀನಿ. ಮೊದಲೆಲ್ಲಾ ಇದನ್ನ ಸತ್ತವರ ಮಿದುಳಿನ ಗ್ರಂಥಿಯಿಂದ ತಗೀತಿದ್ರಂತ, ಅದರಿಂದ ಕೆಲವು ಮಕ್ಕಳಿಗೆ ದೊಡ್ಡವರಾದ ಮ್ಯಾಲ ಮಿದುಳಿನ ರೋಗ ಬಂದು ತೀರ್ಕೊಂಡ್ರು, 1985ರಾಗ ಅಮೆರಿಕದಾಗ ನಿಲ್ಲಿಸಿದ್ರು, ಅದೇ ವರ್ಷ ಲ್ಯಾಬಿನ್ಯಾಗ ತಯಾರಿಸಿದ್ದಕ್ಕ ಅನುಮತಿ ಕೊಟ್ರು. ಇದನ್ನ ಓದಿದ ದಿನ ನಾನು ಆ ಸೀಸೆ ಕೈಯಾಗ ಹಿಡ್ಕೊಂಡು ಬಾಳ ಹೊತ್ತು ಕುಂತಿದ್ದೆ. ಅದಕ್ಕ ಮಾನ್ವಿ ಅಣ್ಣಾರ, ಕೊಡ್ರಿ, ಆದ್ರ ಸಂಡೂರು ಅಕ್ಕಾರ ಹೇಳಿದಂಗ ಎಲ್ಲಾ ಕೇಳಿ ಕೊಡ್ರಿ.

ಬುರೋಸುಮ್ಯಾಬ್ ಅಂತ ಹೊಸ ಇಂಜೆಕ್ಷನ್ ಬಂದೈತಂತಲ್ಲ ಡಾಕ್ಟ್ರೇ, ಅದು ಈ ಕೂಸಿಗೆ ಆಗತೈತೇನು?

ಬಳ್ಳಾರಿ_ಪಿಜಿ:

ಆಗುತ್ತೆ ಅಕ್ಕ, ಎಕ್ಸ್‌ಎಲ್‌ಎಚ್ ಗೇ ಮಾಡಿದ್ದು. ಆ ಎಫ್‌ಜಿಎಫ್ 23 ಹಾರ್ಮೋನನ್ನೇ ಹಿಡಿದು ಕಟ್ಟಿಹಾಕುತ್ತೆ, ಮಕ್ಕಳಿಗೆ ಎರಡು ವಾರಕ್ಕೊಂದು ಚರ್ಮದ ಕೆಳಗೆ ಕೊಡೋದು. 2018ರಲ್ಲಿ ಯುರೋಪ್, ಅಮೆರಿಕದಲ್ಲಿ ಅನುಮತಿ ಸಿಕ್ತು. 1 ರಿಂದ 12 ವರ್ಷದ 61 ಮಕ್ಕಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಇದು, ಇನ್ನೊಂದಕ್ಕೆ ಹಳೇ ಔಷಧ ಕೊಟ್ಟು ನೋಡಿದ್ರು, 2019ರಲ್ಲಿ ಪ್ರಕಟ ಆಯ್ತು, ಇಂಜೆಕ್ಷನ್ ಗುಂಪಿನ ಎಲುಬು ಎದ್ದು ಕಾಣೋ ಹಂಗೆ ಸುಧಾರಿಸಿತ್ತು. ಆದ್ರೆ ಬೆಲೆ ನಮ್ಮಂಥವರ ಕೈಗೆ ಎಟುಕೋದಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಪಟ್ಟಿಯಲ್ಲಿರೋ ಕಾಯಿಲೆಗಳಿಗೆ 50 ಲಕ್ಷದ ತನಕ ನೆರವು ಅಂತ ಇದೆ, ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಅದರ ಕೇಂದ್ರಗಳಿವೆ, ಬೆಂಗಳೂರಿಗೆ ಹೋದಾಗ ಅಣ್ಣ ವಿಚಾರಿಸ್ಲಿ. ಸಿಂಧನೂರು ಅಣ್ಣ, ರಿಸರ್ಚಿಗೆ ಹೆಸರು ಕೊಡಿ ಅನ್ನೋದು ಇದಕ್ಕೂ ಹೌದು. ಎಷ್ಟು ಮಕ್ಕಳಿದ್ದಾರೆ ಅಂತ ಲೆಕ್ಕನೇ ಇಲ್ಲದ ಕಾಯಿಲೆಗೆ ಸರ್ಕಾರದ ಮುಂದೆ ಏನಂತ ನಿಂತು ಕೇಳೋದು?

ಸದ್ಯಕ್ಕೆ ಹಳೇ ಔಷಧನೇ ಸರಿಯಾಗಿ ಕೊಡಿ. ಫಾಸ್ಫೇಟ್ ನೀರು ಕುಡಿದಾಗ ರಕ್ತದಲ್ಲಿ ಏರಿದ ಫಾಸ್ಫೇಟ್ ಬಹಳ ಹೊತ್ತು ನಿಲ್ಲಲ್ಲ, ಅದಕ್ಕೇ ದಿನಕ್ಕೆ ನಾಕೈದು ಸಲ. ಹಾಲಿನ ಜೊತೆ ಮಾತ್ರ ಕೊಡ್ಬೇಡಿ, ಹಾಲಿನ ಕ್ಯಾಲ್ಸಿಯಂ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಆಗಾಗ ಕಿಡ್ನಿ ಸ್ಕ್ಯಾನ್ ತಪ್ಪಿಸ್ಬೇಡಿ.

ಮಾನ್ವಿ_ಅಪ್ಪ:

ಏಳು ವಾರ ಆತು, ಬರೀಲಿಕ್ಕೆ ತಡ ಆತು, ಕ್ಷಮಾ ಮಾಡ್ರಿ.

ಸಣ್ಣ ಮಗಳ ಫಾಸ್ಫರಸ್ 2.9 ಬಂತು. ಲ್ಯಾಬಿನ ಹಾಳ್ಯಾಗ ಈ ಸಲನೂ ಅದಕ್ಕ ಸ್ಟಾರ್ ಇರ್ಲಿಲ್ಲ. ನಾನೇ ಪೆನ್ನಿನಿಂದ ಗುಂಡು ಸುತ್ತಿ ಡಾಕ್ಟ್ರ ಮುಂದ ಇಟ್ಟೆ. ಅಕಿಗೂ ಔಷಧ ಶುರು ಆಗ್ಯಾದ, ಇನ್ನೂ ನಿಂತಿಲ್ಲ, ಕಾಲು ನೆಟ್ಟಗ ಅವ. ನೀರಿನ ರಿಪೋರ್ಟೂ ಬಂತು ಮಾಸ್ತರ, 1.3 ಅದ, ಭಾಳ ಅಲ್ಲಂದ್ರೂ ಕುಡ್ಯೋ ನೀರು ಈಗ ಫಿಲ್ಟರಿನ ಕೊಡ ತರ್ತೀವಿ.

ಔಷಧದ್ದು ಹೇಳ್ತೀನಿ, ನಮ್ಮಂಥವರು ಯಾರಾದ್ರೂ ಓದಿದ್ರ ಉಪಯೋಗ ಆಗ್ಲಿ. ಫಾಸ್ಫೇಟಿನ ಆ ದ್ರಾವಣಕ್ಕ ಜೂಲೀಸ್ ಸೊಲ್ಯೂಷನ್ ಅಂತಾರ, ಎಲ್ಲಾ ಅಂಗಡ್ಯಾಗ ಸಿಗೂದಿಲ್ಲ, ರಾಯಚೂರಾಗ ಒಬ್ರು ಮಾಡಿ ಕೊಡ್ತಾರ, ಎರಡು ಬಾಟ್ಲಿ ಮುಂಗಡನೇ ತಂದಿಡ್ತೀನಿ. ಹುಳಿ ಉಪ್ಪು ಕೂಡಿದ ರುಚಿ, ಮೊದಲ ವಾರ ದೊಡ್ಡಾಕಿ ಉಗುಳಿದ್ಲು, ಹೊಟ್ಟಿನೂ ಕೆಟ್ಟಿತ್ತು. ನಾನೂ ಅಕಿ ಮುಂದ ಕೂತು ನನ್ನ ಡೋಸು ಕುಡ್ಯಾಕ ಹತ್ತಿದೆ, ನನಗೂ ಎಲುಬಿನಾಗ ಸೀಳಿದ್ದು ಕಂಡು ಶುರು ಮಾಡ್ಯಾರ. ಅಪ್ಪಾ ಕುಡದ ಮ್ಯಾಲ ತಾನೂ ಸಿರಿಂಜ್ ಬಾಯಿಗೆ ಇಟ್ಕೋತಾಳ. ಬೆಳಿಗ್ಗೆ ಆರಕ್ಕ ಒಂದು, ಅಂಗನವಾಡ್ಯಾಗ ಹನ್ನೊಂದಕ್ಕ ಟೀಚರಮ್ಮ ಹಾಕ್ತಾರ, ಸಂಜಿಗೊಂದು, ರಾತ್ರಿ ಮಲಗೂ ಮುಂದ ಒಂದು. ಟೀಚರಮ್ಮ ಕ್ಯಾಲೆಂಡರಿನ ಮ್ಯಾಲ ದಿನಾ ಗೀಟು ಹಾಕ್ತಾರ, ಒಂದು ದಿನನೂ ಬಿಟ್ಟಿಲ್ಲ.

ರಿಸರ್ಚಿಂದು. ಸಂಡೂರು ಅಕ್ಕಾರ, ನೀವು ಬರದದ್ದನ್ನ ಹಾಳಿ ಮ್ಯಾಲ ಇಳಿಸ್ಕೊಂಡು ಹೋಗಿ ಒಂದೊಂದಾಗಿ ಕೇಳಿದೆ. ರಕ್ತದ ಸೀಸೆ ಮ್ಯಾಲ ಹೆಸರು ಇರೂದಿಲ್ಲ, ನಂಬರ್ ಅಷ್ಟೇ ಅಂದ್ರು. ಯಾವ ಔಷಧನೂ ಕೊಟ್ಟು ನೋಡೂದಲ್ಲ, ಜೀನ್ ಟೆಸ್ಟು, ವರ್ಷಕ್ಕ ಎರಡು ಸಲ ಅಳತಿ. ರಿಪೋರ್ಟ್ ನಮಗೂ ಕೊಡ್ತೀವಿ ಅಂತ ಬರದು ಕೊಟ್ರು. ಮಗನನ್ನ ಕೇಳಿದ್ರು, ತಂಗಿಗೆ ಉಪಯೋಗ ಆಗ್ತದಾ ಅಂದ, ಆಗಬಹುದು ಅಂದ್ರು, ಕೈ ಚಾಚಿದ. ನಾನೂ ನಮ್ಮಾಕಿನೂ ಸಹಿ ಹಾಕಿದ್ವಿ.

ಅವ್ವಗ ಇದು ಅಕಿ ಕಡಿಯಿಂದ ಬಂದದ್ದು ಅಂತ ಹೆಂಗ ಹೇಳೂದು ಅಂತ ನಾನು ಹದಿನೈದು ದಿನ ಒದ್ದಾಡೀನಿ. ಕೊನಿಗೆ ಹೇಳಿದ್ದು ನಮ್ಮಾಕಿ. ರೊಟ್ಟಿ ಬಡಕೋತ, ಅತ್ತಿ, ಇದು ನಿಮ್ಮ ತಪ್ಪೂ ಅಲ್ಲ ನನ್ನ ತಪ್ಪೂ ಅಲ್ಲ, ನಿಮಗೂ ಯಾರೋ ಕೊಟ್ಟದ್ದು, ಅವರಿಗೂ ಗೊತ್ತಿರ್ಲಿಲ್ಲ ಅಂದ್ಲು. ಅವ್ವ ಏನೂ ಅನ್ಲಿಲ್ಲ. ಎದ್ದು ಹೋಗಿ ಕಟ್ಟಿ ಮ್ಯಾಲ ಕೂತ್ಲು.

ಬೆಂಗಳೂರಿಗೆ ಬರ್ತೀನಿ ಅಂತ ತಾನೇ ಅಂದ್ಲು, ರಕ್ತ ಕೊಡೂದಿಲ್ಲ, ಮಕ್ಕಳನ್ನ ಎತ್ಕೊಳ್ಳಿಕ್ಕೆ ಬರ್ತೀನಿ ಅಂತ. ಅಲ್ಲಿ ಎತ್ತರ ಅಳಿಯೋ ಹುಡುಗಿ, ಅಜ್ಜಿ ನಿಮ್ಮದೂ ನೋಡ್ಲಾ ಅಂದ್ಲು. ಸೀರಿ ನಿರಿಗಿ ಸ್ವಲ್ಪ ಎತ್ತಿ ಗೋಡಿಗೆ ಬೆನ್ನು ಹಚ್ಚಿ ನಿಂತ್ಲು. 136 ಸೆಂಟಿಮೀಟರ್. ಡಾಕ್ಟ್ರು ಬಂದು ಮೊಣಕಾಲು ಮುಟ್ಟಿ ನೋಡಿದ್ರು, ಎಲ್ಲೆಲ್ಲಿ ನೋಯ್ತದ ಅಂತ ಕೇಳಿದ್ರು. ಅರವತ್ತು ವರ್ಷದಾಗ ನಮ್ಮವ್ವನ ಕಾಲನ್ನ ಒಬ್ಬ ಡಾಕ್ಟ್ರು ಮುಟ್ಟಿ ನೋಡಿದ್ದು ಅದೇ ಮೊದಲು ರೀ. ಸೊಂಟ, ತೊಡಿ, ಹಿಮ್ಮಡ ಅಂತ ಒಂದೊಂದಾಗಿ ತೋರಿಸ್ಕೋತ ಹೋದ್ಲು, ಅವರು ಬರಕೋತ ಹೋದ್ರು. ಎಲ್ಲಾ ಆದ ಮ್ಯಾಲ, ಈ ಔಷಧ ನನಗೂ ಅದನೇನು ಅಂತ ಕೇಳಿದ್ಲು. ರಕ್ತ ನೋಡಿ ಹೇಳ್ತೀವಿ ಅಂದ್ರು. ಆಗ ಬಳಿ ಮ್ಯಾಲ ಸರಿಸಿ ಕೈ ಮುಂದ ಇಟ್ಲು.

ಜೀನ್ ರಿಪೋರ್ಟ್ ಬರ್ಲಿಕ್ಕೆ ಇನ್ನೂ ಟೈಮ್ ಅದ ಅಂದಾರ. ಬಂದ ದಿನ ಬರೀತೀನಿ.